ಸದ್ದು ಕೇಳುವ ಯಜಮಾನ

ಮರಿ ಬಂದ ಮೊದಲ ವಾರ ನಮ್ಮ ಸೋದರಮಾವನಿಗೆ ರಾತ್ರಿ ನಿದ್ದೆ ಇರುವುದಿಲ್ಲ. ದೊಡ್ಡಬಳ್ಳಾಪುರದ ಆಚೆ ಅವರ ತೋಟದಲ್ಲಿ ಕೋಳಿ ಶೆಡ್ಡಿದೆ. ಜನವರಿಯ ಚಳಿ. ಭತ್ತದ ಹೊಟ್ಟು ಹರಡಿ, ಅದರ ಮೇಲೆ ಹಳೆಯ ಪೇಪರು ಹಾಸಿ, ಸುತ್ತ ತಗಡಿನ ಬಳೆ ಕಟ್ಟಿ, ನಡುವೆ ಬಲ್ಬು ಇಳಿಬಿಟ್ಟು, ಒಂದು ದಿನದ ಮರಿಗಳನ್ನು ಬಿಟ್ಟಿದ್ದರು. ಎಲ್ಲಿ ನೋಡಿದರೂ ಹಳದಿ. ಮಾವ ಒಳಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಾರೆ. ಟಾರ್ಚು ಹಾಕುವುದಿಲ್ಲ, ಮಾತಾಡುವುದಿಲ್ಲ. ಬರೀ ಕೇಳುತ್ತಾರೆ.

“ಚಳಿ ಆದ್ರೆ ಎಲ್ಲಾ ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಕಿರುಚ್ತವೆ ಅಳಿಯ. ಸೆಕೆ ಆದ್ರೆ ಅಂಚಿಗೆ ಸರಿದು ಬಾಯಿ ಬಿಟ್ಕೊಂಡು ಕೂರ್ತವೆ, ಸದ್ದೇ ಅಡಗ್ತದೆ. ಎಲ್ಲಾ ಸರಿ ಇದ್ರೆ ಸಣ್ಣಗೆ ಮಾತಾಡ್ಕೋತಾ ಇರ್ತವೆ. ಕಾಯಿಲೆ ಶುರು ಆಗೋವಾಗ ರಾತ್ರಿ ಹೊತ್ತು ಗೊರಗೊರ ಅನ್ನೋದು ಕಿವಿಗೆ ಬೀಳ್ತದೆ. ಕಣ್ಣಿಗೆ ಕಾಣೋ ಹೊತ್ತಿಗೆ ಕೈ ಮೀರಿರ್ತದೆ.”

ಮಾವನ ಜೊತೆ ನಾನೂ ಶೆಡ್ಡಿನ ಹೊರಗೆ ಕಂಬಳಿ ಹೊದ್ದು ಕೂತಿದ್ದೆ. ಗಂಟೆ ಒಂದೂಕಾಲು. ಇಂಗ್ಲೆಂಡಿನಲ್ಲಿ ಆಗ ಸಂಜೆ ಏಳೂಮುಕ್ಕಾಲು, ವಾರದ ನಡುವಿನ ಪಂದ್ಯಗಳು ಶುರುವಾಗುವ ಹೊತ್ತು. ನನ್ನ ಮೊಬೈಲಿನಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಆಡುತ್ತಿತ್ತು. ಅಂಗಿಯ ಅರ್ಧ ನೀಲಿ, ಅರ್ಧ ಬಿಳಿ. ಮಾವ ಬಗ್ಗಿ ನೋಡಿದರು. ಚೆಂಡನ್ನಲ್ಲ, ಅದರ ಹಿಂದಿನ ಗ್ಯಾಲರಿಯನ್ನು.

“ಇದೇನೋ, ಇಷ್ಟು ದೊಡ್ಡ ಮೈದಾನ, ಅರ್ಧಕ್ಕರ್ಧ ಕುರ್ಚಿ ಖಾಲಿ? ಸದ್ದೇ ಇಲ್ವಲ್ಲ.”

“ಹಿಂದೆ ತುಂಬ್ತಿತ್ತು ಮಾವ. ಈಗ ಕ್ಲಬ್ಬಿನ ಯಜಮಾನರು ನಮ್ಮ ದೇಶದವರೇ. ಪುಣೆಯ ವೆಂಕೀಸ್‌ನವರು.”

“ಮರಿ, ಫೀಡು ಮಾಡೋ ವೆಂಕೀಸಾ? ಅವರಿಗೆ ಅಷ್ಟು ದೂರದ ಆಟ ಯಾಕಪ್ಪಾ?”

ಆ ಪ್ರಶ್ನೆಗೆ ಅವತ್ತು ರಾತ್ರಿ ನಾನು ಅರೆಬರೆ ಉತ್ತರ ಕೊಟ್ಟೆ. ಪೂರ್ತಿ ಹೇಳಬೇಕು ಎಂದು ಅಂದಿನಿಂದ ಮನಸ್ಸಿನಲ್ಲಿದೆ. ಇಂಗ್ಲೆಂಡಿನ ಕಷ್ಟದಲ್ಲಿರುವ ಫುಟ್‌ಬಾಲ್ ಕ್ಲಬ್ಬುಗಳನ್ನು ಹೊರದೇಶದ ಸಿರಿವಂತರು ಕೊಳ್ಳುವುದು ಈಗ ಸುದ್ದಿಯಾಗಿಯೂ ಉಳಿದಿಲ್ಲ. ಅಲ್ಲಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿನ 20 ತಂಡಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೊರದೇಶದವರ ಕೈಯಲ್ಲಿವೆ. ಅಮೆರಿಕದವರು, ಅರಬರು, ಥಾಯ್‌ಲೆಂಡಿನವರು, ಚೀನಾದವರು ಎಲ್ಲರೂ ಬಂದುಹೋಗಿದ್ದಾರೆ. ನನಗೆ ಮಾತ್ರ ಈ ಕಥೆ ಎಂದರೆ ಮೊದಲು ನೆನಪಾಗುವುದು ಬ್ಲ್ಯಾಕ್‌ಬರ್ನ್. ಅದಕ್ಕೆ ಕಾರಣ ಫುಟ್‌ಬಾಲಿಗಿಂತ ಹಳೆಯದು.

ಬ್ಲ್ಯಾಕ್‌ಬರ್ನ್ ಇರುವುದು ಲ್ಯಾಂಕಶೈರ್ ಸೀಮೆಯಲ್ಲಿ. ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಜನರ ಊರು. ನೂಲುವ ಯಂತ್ರವಾದ ಸ್ಪಿನ್ನಿಂಗ್ ಜೆನ್ನಿಯನ್ನು ಕಂಡುಹಿಡಿದ ಜೇಮ್ಸ್ ಹಾರ್ಗ್ರೀವ್ಸ್ ಆ ಊರಿನ ಪಕ್ಕದವನು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಎಲ್ಲಿ ನೋಡಿದರೂ ಗಿರಣಿಯ ಚಿಮಣಿ. ಆ ಮಗ್ಗಗಳಲ್ಲಿ ನೇಯ್ದ ಬಟ್ಟೆಯ ದೊಡ್ಡ ಪಾಲು ಹಡಗು ಹತ್ತಿ ಬರುತ್ತಿದ್ದದ್ದು ನಮ್ಮ ದೇಶಕ್ಕೆ. ಅದರಲ್ಲೂ ಹೆಚ್ಚಿಗೆ ಪಂಚೆ. ನಮ್ಮ ನೇಕಾರರ ಮಗ್ಗ ನಿಲ್ಲಿಸಿ, ನಮಗೇ ಪಂಚೆ ನೇಯ್ದು ಮಾರಿದ ಊರು ಅದು. ಮೊದಲನೆಯ ಮಹಾಯುದ್ಧದ ನಂತರ ನಮ್ಮ ಗಿರಣಿಗಳು ಬೆಳೆದವು, ಜಪಾನಿನ ಬಟ್ಟೆ ಬಂತು, ವಿದೇಶಿ ಬಟ್ಟೆಯ ಬಹಿಷ್ಕಾರವೂ ಸೇರಿಕೊಂಡಿತು. ಅಲ್ಲಿನ ಮಗ್ಗಗಳು ಸಾಲಾಗಿ ನಿಂತವು.

1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ದುಂಡುಮೇಜಿನ ಸಭೆಗೆ ಲಂಡನ್ನಿಗೆ ಹೋದಾಗ, ಬ್ಲ್ಯಾಕ್‌ಬರ್ನ್‌ಗೆ ಹೊಂದಿಕೊಂಡ ಡಾರ್ವೆನ್ ಎಂಬ ಊರಿನ ಗಿರಣಿ ಮಾಲೀಕರ ಮನೆತನವೊಂದು ಅವರನ್ನು ಕರೆಯಿತು. ನಮ್ಮವರ ಕಷ್ಟ ನೀವೇ ಬಂದು ನೋಡಿ ಎಂದು. ಗಾಂಧೀಜಿ ಹೋದರು. ಕೆಲಸ ಕಳೆದುಕೊಂಡವರ ಜೊತೆ ಕೂತು ಅವರ ಮಾತು ಕೇಳಿದರು. ನಿಮ್ಮಲ್ಲಿ ಮೂವತ್ತು ಲಕ್ಷ ಜನಕ್ಕೆ ಕೆಲಸವಿಲ್ಲ, ನಮ್ಮಲ್ಲಿ ಮೂವತ್ತು ಕೋಟಿ ಜನಕ್ಕೆ ವರ್ಷದಲ್ಲಿ ಆರು ತಿಂಗಳು ಕೆಲಸವಿಲ್ಲ ಎಂದು ತಮ್ಮ ಕಡೆಯದನ್ನೂ ಹೇಳಿದರು. ಗಿರಣಿಯ ಹೆಣ್ಣುಮಕ್ಕಳು ಅವರನ್ನು ಸುತ್ತುವರಿದು ಕೈಯೆತ್ತಿ ನಗುತ್ತಿರುವ ಆ ಹಳೆಯ ಫೋಟೋ ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ತಮ್ಮ ಅನ್ನಕ್ಕೆ ಪೆಟ್ಟು ಕೊಟ್ಟ ಚಳವಳಿಯ ಮುಖಂಡನನ್ನು ಅವರು ಹಾಗೆ ಬರಮಾಡಿಕೊಂಡಿದ್ದಕ್ಕೆ ಒಂದೇ ಕಾರಣ ನನಗೆ ಕಾಣುತ್ತದೆ. ಆತ ಬಾಗಿಲಿಗೆ ಬಂದು, ಅವರ ಮಾತು ಕೇಳಿದ್ದ.

ಎರಡನೆಯ ಯುದ್ಧದ ನಂತರ ಗುಜರಾತಿನಿಂದ, ಪಾಕಿಸ್ತಾನದಿಂದ ಜನ ಅದೇ ಗಿರಣಿಗಳ ರಾತ್ರಿ ಪಾಳಿಗೆ ಹೋಗಿ ಅಲ್ಲೇ ಬೇರು ಬಿಟ್ಟರು. ಹೀಗೆ ಹತ್ತಿ, ಪಂಚೆ, ಬಹಿಷ್ಕಾರ, ಪಾಳಿ ಎಂದು ಆ ಊರಿಗೂ ನಮ್ಮ ಉಪಖಂಡಕ್ಕೂ ನಂಟು ಬೆಳೆಯುತ್ತಲೇ ಬಂದಿತ್ತು. ಪುಣೆಯ ಕೋಳಿ ಕಂಪನಿ ಹೋದದ್ದು ಇಂಥ ನಂಟಿದ್ದ ಊರಿಗೆ.

ಫುಟ್‌ಬಾಲ್ ಆ ಊರಿಗೆ ಏನು ಎಂಬುದನ್ನೂ ಹೇಳಬೇಕು. 1883ರವರೆಗೆ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನಡೆಸುವ ಎಫ್‌ಎ ಕಪ್ ಎಂಬುದು ದೊಡ್ಡ ಮನೆತನದವರ, ದೊಡ್ಡ ಶಾಲೆಗಳಲ್ಲಿ ಓದಿದವರ ಸೊತ್ತು. ಆ ವರ್ಷ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ ಲಂಡನ್ನಿಗೆ ಹೋಗಿ, ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವನ್ನು 2-1ರಿಂದ ಸೋಲಿಸಿತು. ಗೆದ್ದ ತಂಡದಲ್ಲಿ ನೇಯುವವರಿದ್ದರು, ನೂಲುವವರಿದ್ದರು, ಕೊಳಾಯಿ ಕೆಲಸದವರಿದ್ದರು. ಕಪ್ ಗಿರಣಿಯ ಊರಿಗೆ ಬಂತು. ಮುಂದಿನ ಮೂರು ವರ್ಷವೂ ಕಪ್ ಗೆದ್ದದ್ದು ಅದೇ ಊರಿನ ಇನ್ನೊಂದು ತಂಡ, 1875ರಲ್ಲಿ ಹುಟ್ಟಿದ ರೋವರ್ಸ್. 1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದ 12 ಕ್ಲಬ್ಬುಗಳಲ್ಲಿ ರೋವರ್ಸ್ ಒಂದು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದರೂ ಶನಿವಾರ ಮಧ್ಯಾಹ್ನ ರೋವರ್ಸಿನ ಮೈದಾನವಾದ ಈವುಡ್ ಪಾರ್ಕಿನ ಬಾಗಿಲು ತೆರೆಯುತ್ತಿತ್ತು. ಊರಿನ ಹೆಸರು ದೇಶದ ಪತ್ರಿಕೆಗಳಲ್ಲಿ ವಾರವಾರ ಬರುತ್ತಿದ್ದದ್ದು ಆ ಒಂದು ಕಾರಣಕ್ಕೆ.

ಆ ಊರಿನಲ್ಲೇ 1929ರಲ್ಲಿ ಹುಟ್ಟಿದವರು ಜ್ಯಾಕ್ ವಾಕರ್. ಅಪ್ಪನದು ತಗಡಿನ ಕೆಲಸದ ಸಣ್ಣ ಉದ್ಯೋಗ. ಅದನ್ನು ಅಣ್ಣತಮ್ಮಂದಿರು ಉಕ್ಕಿನ ದೊಡ್ಡ ಕಂಪನಿಯಾಗಿ ಬೆಳೆಸಿ, ಸುಮಾರು 33 ಕೋಟಿ ಪೌಂಡಿಗೆ ಬ್ರಿಟಿಷ್ ಸ್ಟೀಲ್‌ಗೆ ಮಾರಿದರು. ಹುಡುಗನಾಗಿದ್ದಾಗ ನೋಡಿದ ತಂಡ ಎರಡನೆಯ ದರ್ಜೆಯಲ್ಲಿ ಬಿದ್ದಿತ್ತು. 1991ರಲ್ಲಿ ವಾಕರ್ ಕ್ಲಬ್ಬನ್ನು ಕೈಗೆ ತೆಗೆದುಕೊಂಡರು. ಕೆನ್ನಿ ಡಾಲ್‌ಗ್ಲಿಶ್ ಅವರನ್ನು ಮ್ಯಾನೇಜರ್ ಮಾಡಿದರು, ಅಲನ್ ಶಿಯರರ್ ಅವರನ್ನು ತಂದರು, ಹಳೆಯ ಮೈದಾನದ ಮೂರು ಬದಿ ಕೆಡವಿ ಹೊಸ ಗ್ಯಾಲರಿ ಕಟ್ಟಿಸಿದರು.

1995ರ ಮೇ 14. ಪ್ರೀಮಿಯರ್ ಲೀಗ್ ಋತುವಿನ ಕೊನೆಯ ದಿನದ ಪಂದ್ಯ. ಬ್ಲ್ಯಾಕ್‌ಬರ್ನ್ ಆಡುತ್ತಿದ್ದದ್ದು ಲಿವರ್‌ಪೂಲಿನ ಆ್ಯನ್‌ಫೀಲ್ಡಿನಲ್ಲಿ. ಅದು ಡಾಲ್‌ಗ್ಲಿಶ್ ಅವರನ್ನು ದೇವರಂತೆ ಕಂಡ ಮೈದಾನ. ಶಿಯರರ್ ಗೋಲು ಹೊಡೆದರು, ಆ ಋತುವಿನ 34ನೆಯದು. ಲಿವರ್‌ಪೂಲ್ ಸಮ ಮಾಡಿತು. ಕೊನೆಯ ಗಳಿಗೆಯಲ್ಲಿ ಫ್ರೀ ಕಿಕ್ಕಿನಿಂದ ಇನ್ನೊಂದು ಗೋಲು ಬಿತ್ತು, ಬ್ಲ್ಯಾಕ್‌ಬರ್ನ್ ಸೋತಿತು. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಲಂಡನ್ನಿನಿಂದ ಸುದ್ದಿ: ಪಟ್ಟಕ್ಕೆ ಪೈಪೋಟಿಯಲ್ಲಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ವೆಸ್ಟ್ ಹ್ಯಾಮ್ ಮೇಲೆ ಗೆಲ್ಲಲಾಗದೆ 1-1ಕ್ಕೆ ನಿಂತಿದೆ. 89 ಅಂಕ ಬ್ಲ್ಯಾಕ್‌ಬರ್ನ್‌ಗೆ, 88 ಯುನೈಟೆಡ್‌ಗೆ. ಸೋತು ಚಾಂಪಿಯನ್ ಆದ ತಂಡಕ್ಕಾಗಿ ಆ್ಯನ್‌ಫೀಲ್ಡಿನ ಎದುರಾಳಿ ಜನರೂ ಕುಣಿದರು. ಆ ಗದ್ದಲದ ನಡುವೆ ಅರವತ್ತೈದು ದಾಟಿದ ವಾಕರ್ ಮಗುವಿನಂತೆ ಕಣ್ಣೊರೆಸಿಕೊಂಡರು. ಕ್ಲಬ್ಬಿನ ಯಜಮಾನ ಎಂದರೆ ನನ್ನ ಕಣ್ಣಮುಂದೆ ಬರುವ ಚಿತ್ರ ಅದೇ.

ವಾಕರ್ ಆಗ ಬ್ಲ್ಯಾಕ್‌ಬರ್ನ್‌ನಲ್ಲಿ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವರ ವಾಸ ಫ್ರಾನ್ಸಿನ ಕರಾವಳಿಗೆ ಹತ್ತಿರದ ಜರ್ಸಿ ದ್ವೀಪದಲ್ಲಿತ್ತು. ಅಲ್ಲಿಂದ ವಿಮಾನದಲ್ಲಿ ಪಂದ್ಯಕ್ಕೆ ಬರುತ್ತಿದ್ದರು. ಅಂದಮೇಲೆ ದೂರವನ್ನು ಮೈಲಿಯಲ್ಲಿ ಅಳೆದು ಪ್ರಯೋಜನವಿಲ್ಲ. ಬಂದು ಕೂರುತ್ತಾನೋ ಇಲ್ಲವೋ, ಕೂತವನ ಕಿವಿ ಎತ್ತ ಇದೆ, ಅಷ್ಟು ನೋಡಬೇಕು.

“ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು” ಎಂದು ನಮ್ಮಲ್ಲಿ ಒಂದು ಗಾದೆ. ಬೇಸಾಯ ಮಾಡಿದವರ ಬಾಯಲ್ಲಿ ಹುಟ್ಟಿದ ಮಾತು. ಬ್ಲ್ಯಾಕ್‌ಬರ್ನ್ ಕಥೆಗೆ ಇದಕ್ಕಿಂತ ಒಳ್ಳೆಯ ತಲೆಬರಹ ನನಗೆ ಸಿಕ್ಕಿಲ್ಲ. 2000ದ ಆಗಸ್ಟಿನಲ್ಲಿ ವಾಕರ್ ತೀರಿಕೊಂಡರು. ಅವರ ಆಸ್ತಿ ನೋಡಿಕೊಳ್ಳುವ ಟ್ರಸ್ಟು ಕೆಲವು ವರ್ಷ ದುಡ್ಡು ಹಾಕಿತು. ತಂಡ 2002ರಲ್ಲಿ ಲೀಗ್ ಕಪ್ಪನ್ನೂ ಗೆದ್ದಿತು. ಆಮೇಲೆ ಟ್ರಸ್ಟಿನ ಕೈ ಬಿಗಿಯಾಯಿತು, ಕ್ಲಬ್ಬು ಮಾರಾಟಕ್ಕೆ ಬಂತು.

ಯಾಕೆ ಮಾರಬೇಕಾಗುತ್ತದೆ? ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಹಳೆಯ ಕಾಲದಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳನ್ನು ನಡೆಸುತ್ತಿದ್ದವರು ಆ ಊರಿನವರೇ. ಗಿರಣಿ ಮಾಲೀಕ, ಕಸಾಯಿ ಅಂಗಡಿಯವನು, ಕಂಟ್ರಾಕ್ಟರು. ಕ್ಲಬ್ಬಿನಿಂದ ಲಾಭ ಎತ್ತಬಾರದು ಎಂದು ಎಫ್‌ಎ ನಿಯಮವೇ ಕಟ್ಟುನಿಟ್ಟಾಗಿತ್ತು. ಷೇರಿನ ಮೇಲಿನ ಲಾಭಾಂಶಕ್ಕೆ ಮಿತಿ, ನಿರ್ದೇಶಕರಿಗೆ ಸಂಬಳವಿಲ್ಲ. 1983ರಲ್ಲಿ ಟಾಟನ್‌ಹ್ಯಾಮ್ ಕ್ಲಬ್ಬಿನ ಮೇಲೆ ಇನ್ನೊಂದು ಕಂಪನಿ ಕಟ್ಟಿ, ಆ ಕಂಪನಿಯನ್ನು ಷೇರುಪೇಟೆಗೆ ತಂದಾಗ ಆ ಬೇಲಿ ಮುರಿಯಿತು. 1992ರಲ್ಲಿ ಪ್ರೀಮಿಯರ್ ಲೀಗ್ ಬಂತು, ಟಿವಿ ದುಡ್ಡು ಹೊಳೆಯಾಗಿ ಹರಿಯಿತು. ಆ ಹೊಳೆಯಲ್ಲಿ ನನ್ನಂಥ ಕೋಟ್ಯಂತರ ಜನ ಕೊಡುವ ಚಂದಾ ಹಣವೂ ಸೇರಿದೆ.

ಹೊಳೆ ಹರಿಯುವುದು ಮೇಲಿನ ಗದ್ದೆಗೆ ಮಾತ್ರ. ಪ್ರೀಮಿಯರ್ ಲೀಗಿನಿಂದ ಒಂದು ಮೆಟ್ಟಿಲು ಇಳಿದರೆ ಚಾಂಪಿಯನ್‌ಶಿಪ್. ಅಲ್ಲಿ ಆದಾಯ ಒಮ್ಮೆಲೇ ಕುಸಿಯುತ್ತದೆ, ಆಟಗಾರರ ಕರಾರು ಮಾತ್ರ ಹಾಗೇ ಇರುತ್ತದೆ. ಇಳಿದವರಿಗೆ ಎರಡು ಮೂರು ವರ್ಷ ಸಹಾಯಧನ ಬರುತ್ತದೆ. ಅಷ್ಟರಲ್ಲಿ ಮೇಲೇರದಿದ್ದರೆ ಸಾಲ. ಮೇಲೇರುವ ಆಸೆಗೆ ಎಲ್ಲರೂ ಕೈಮೀರಿ ಸಂಬಳ ಕೊಡುತ್ತಾರೆ. ಚಾಂಪಿಯನ್‌ಶಿಪ್ ಕ್ಲಬ್ಬುಗಳ ಒಟ್ಟು ಆದಾಯಕ್ಕಿಂತ ಸಂಬಳದ ಲೆಕ್ಕವೇ ದೊಡ್ಡದಾದ ವರ್ಷಗಳಿವೆ. ನೂರು ರೂಪಾಯಿ ದುಡಿದು ನೂರಕ್ಕಿಂತ ಹೆಚ್ಚು ಆಳಿಗೆ ಕೊಟ್ಟರೆ, ಬಿತ್ತನೆಗೆ, ಗೊಬ್ಬರಕ್ಕೆ ಎಲ್ಲಿಂದ ತರಬೇಕು? ಊರಿನ ಸಾಹುಕಾರ ಎಷ್ಟೇ ದೊಡ್ಡವನಾದರೂ ಹತ್ತು ವರ್ಷ ತಡೆಯಲಾರ. ಆಗ ಬಾಗಿಲು ತೆರೆದು ಹೊರಗಿನವರಿಗಾಗಿ ಕಾಯುತ್ತಾರೆ. 1982ರಲ್ಲಿ ಚೆಲ್ಸಿ ಕ್ಲಬ್ಬು ಒಂದೇ ಒಂದು ಪೌಂಡಿಗೆ ಮಾರಾಟವಾಗಿತ್ತು. ಅದರ ಸಾಲ ಹೊರುವವನು ಸಿಕ್ಕರೆ ಸಾಕಾಗಿತ್ತು. ಅದೇ ಚೆಲ್ಸಿಯನ್ನು 2003ರಲ್ಲಿ ಸಾಲವೂ ಸೇರಿ ಸುಮಾರು 14 ಕೋಟಿ ಪೌಂಡಿಗೆ ರಷ್ಯಾದ ರೋಮನ್ ಅಬ್ರಮೋವಿಚ್ ಕೊಂಡ ಮೇಲೆ, ಲೋಕದ ಸಿರಿವಂತರ ಕಣ್ಣು ಈ ಕಡೆ ತಿರುಗಿತು.

2010ರ ನವೆಂಬರಿನಲ್ಲಿ ವೆಂಕೀಸ್ ಬ್ಲ್ಯಾಕ್‌ಬರ್ನ್ ರೋವರ್ಸನ್ನು 2.3 ಕೋಟಿ ಪೌಂಡಿಗೆ ಕೊಂಡಿತು. ಮೇಲೆ ಕ್ಲಬ್ಬಿನ ಸಾಲ ಬೇರೆ. ಪ್ರೀಮಿಯರ್ ಲೀಗಿನ ತಂಡವೊಂದಕ್ಕೆ ಮೊದಲ ಸಲ ಭಾರತದ ಯಜಮಾನರು. ನನಗೆ ಆ ದಿನ ಆದ ಸಂತೋಷ ಹೇಳತೀರದು. ನಮಗೆ ಪಂಚೆ ಮಾರಿದ ಊರಿನ ಮರ್ಯಾದೆಯನ್ನು ಕಾಪಾಡಲು ನಮ್ಮವರು ಹೋಗುತ್ತಿದ್ದಾರೆ ಎಂದುಕೊಂಡಿದ್ದೆ.

ಆ ಕಂಪನಿ ಕಟ್ಟಿದ ಡಾ. ಬಿ.ವಿ. ರಾವ್ ಅವರ ಕೆಲಸ ಕೋಳಿ ಸಾಕುವವರಿಗೆಲ್ಲ ಗೊತ್ತು. 1971ರಲ್ಲಿ ಹೈದರಾಬಾದಿನಲ್ಲಿ ಶುರು ಮಾಡಿದರು. ಮೊಟ್ಟೆಯ ಬೆಲೆಯನ್ನು ದಲ್ಲಾಳಿಗಳು ಮನಸ್ಸಿಗೆ ಬಂದಂತೆ ಇಳಿಸುತ್ತಿದ್ದ ಕಾಲದಲ್ಲಿ, ಊರೂರು ಸುತ್ತಿ, ರೈತರ ಸಭೆ ಕರೆದು, ಅವರ ಮಾತು ಕೇಳಿ, 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿದರು. ಮೊಟ್ಟೆಗೆ ರೈತರೇ ಬೆಲೆ ಹೇಳುವಂತಾಯಿತು. ಬಾಗಿಲಲ್ಲಿ ನಿಂತು ಸದ್ದು ಕೇಳುವ ವಿದ್ಯೆ ಆ ಮನೆತನದ ಬುನಾದಿಯಲ್ಲೇ ಇತ್ತು. ಅದಕ್ಕೇ ಮುಂದೆ ಬ್ಲ್ಯಾಕ್‌ಬರ್ನ್‌ನಲ್ಲಿ ಆದದ್ದು ನನಗೆ ಇನ್ನೂ ಹೆಚ್ಚು ನೋವು ಕೊಡುತ್ತದೆ.

ಕೊಂಡ ಒಂದು ತಿಂಗಳೊಳಗೆ ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದರು. ತಂಡ ಆಗ 13ನೆಯ ಸ್ಥಾನದಲ್ಲಿತ್ತು, ಮುಳುಗುವ ಭಯವೇನೂ ಇರಲಿಲ್ಲ. ತರಬೇತುದಾರ ಸ್ಟೀವ್ ಕೀನ್ ಅವರನ್ನು ಆ ಜಾಗಕ್ಕೆ ತಂದರು. ಫುಟ್‌ಬಾಲಿನ ಒಳಹೊರಗು ತಿಳಿಯದ ಹೊಸಬರ ಕಿವಿ, ಆಟಗಾರರ ವ್ಯಾಪಾರ ಮಾಡುವ ಏಜೆಂಟರ ಕಡೆಗಿತ್ತು. ಗ್ಯಾಲರಿ ಕೂಗುತ್ತಿದ್ದದ್ದು ಪುಣೆಗೆ ಮುಟ್ಟಲಿಲ್ಲ. 2012ರ ಮೇ 7ರಂದು ಈವುಡ್ ಪಾರ್ಕಿನಲ್ಲಿ ವಿಗನ್ ಎದುರು ಪಂದ್ಯ. ಸೋತರೆ ಪ್ರೀಮಿಯರ್ ಲೀಗಿನಿಂದ ಕೆಳಕ್ಕೆ. ಪಂದ್ಯದ ನಡುವೆ ಯಾರೋ ಒಂದು ಕೋಳಿಯನ್ನು ಮೈದಾನಕ್ಕೆ ಬಿಟ್ಟರು. ಅದರ ಮೈಮೇಲೆ ಬ್ಲ್ಯಾಕ್‌ಬರ್ನ್ ಬಾವುಟ ಹೊದಿಸಿದ್ದರು. ಸಾವಿರಾರು ಜನರ ಕೂಗು, ಬಿಳಿ ದೀಪದ ಬೆಳಕು, ಹಸಿರು ಹುಲ್ಲು, ನಡುವೆ ದಿಕ್ಕು ತೋಚದೆ ಅತ್ತಿತ್ತ ಹೆಜ್ಜೆ ಇಡುವ ಒಂದು ಕೋಳಿ. ಲೋಕವೆಲ್ಲ ಆ ಚಿತ್ರ ನೋಡಿ ನಕ್ಕಿತು. ನನಗೆ ನಗು ಬರಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ಕೂಗಿ, ಕಾಗದ ಬರೆದು, ಬೀದಿಯಲ್ಲಿ ಮೆರವಣಿಗೆ ಮಾಡಿ ದಣಿದ ಜನರಿಗೆ ಯಜಮಾನನ ಕಿವಿ ಮುಟ್ಟಲು ಕೊನೆಗೆ ಉಳಿದ ದಾರಿ ಅದೊಂದೇ ಆಗಿತ್ತು. 87ನೆಯ ನಿಮಿಷದಲ್ಲಿ ವಿಗನ್ ಗೋಲು ಹೊಡೆಯಿತು. ವಾಕರ್ ಕಾಲದಿಂದ ಕಟ್ಟಿದ್ದು ಕೆಳಗಿಳಿಯಿತು.

ಮುಂದಿನ ಋತುವಿನಲ್ಲಿ ಮ್ಯಾನೇಜರುಗಳು ಬಸ್ ನಿಲ್ದಾಣದ ಪ್ರಯಾಣಿಕರ ಹಾಗೆ ಬಂದುಹೋದರು. ಹೆನ್ನಿಂಗ್ ಬರ್ಗ್ ಇದ್ದದ್ದು 57 ದಿನ, ಮೈಕೆಲ್ ಆ್ಯಪಲ್‌ಟನ್ 67 ದಿನ. 2017ರಲ್ಲಿ ತಂಡ ಮೂರನೆಯ ದರ್ಜೆಗೂ ಬಿತ್ತು, ಟೋನಿ ಮೌಬ್ರೆ ಅವರ ಕೈಯಲ್ಲಿ ಮರುವರ್ಷವೇ ಮೇಲೆದ್ದಿತು. ಪಂದ್ಯಕ್ಕೆ ಬರುವವರು ಅರ್ಧಕ್ಕೆ ಇಳಿದರು. ಮಾವ ಮೊಬೈಲಿನಲ್ಲಿ ನೋಡಿದ ಖಾಲಿ ಕುರ್ಚಿಗಳು ಅವೇ.

ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ವೆಂಕೀಸ್‌ನವರು ಕ್ಲಬ್ಬನ್ನು ದೋಚಿ ಓಡಿಹೋಗಲಿಲ್ಲ. ವರ್ಷವರ್ಷವೂ ನಷ್ಟ ತುಂಬಿದ್ದಾರೆ. ಒಟ್ಟು ಹಾಕಿದ ಹಣ 20 ಕೋಟಿ ಪೌಂಡ್ ದಾಟಿದೆ. ಇತ್ತೀಚೆಗೆ ಹಣ ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಬೇಕಾದಾಗಲೂ ಕೋರ್ಟಿಗೆ ಹೋಗಿ ಕಳಿಸಿದ್ದಾರೆ. ಅಷ್ಟು ಸುರಿದವರಿಗೆ ಊರಿನವರಿಂದ ಒಂದು ಒಳ್ಳೆಯ ಮಾತು ಸಿಗಲಿಲ್ಲ. ಊರಿನವರಿಗೆ ಆ ಹಣದಿಂದ ಒಂದು ಸಂತೋಷದ ಶನಿವಾರ ಸಿಗಲಿಲ್ಲ. ಎರಡೂ ಕಡೆ ದುಃಖವೇ. ಬಲ್ಬಿನ ಕರೆಂಟು ಬಿಲ್ಲು ತಪ್ಪದೆ ಕಟ್ಟಿ, ಶೆಡ್ಡಿಗೆ ಮಾತ್ರ ಹೋಗದೇ ಇದ್ದರೆ ಮರಿ ಉಳಿಯುವುದು ಹೇಗೆ?

ಹಾಗಾದರೆ ಹೊರದೇಶದವರು ಬರಲೇಬಾರದೇ? ಲೆಸ್ಟರ್ ಊರಿನವರನ್ನು ಕೇಳಿ. ಅದೇ 2010ರಲ್ಲಿ ಲೆಸ್ಟರ್ ಸಿಟಿಯನ್ನು ಕೊಂಡವರು ಥಾಯ್‌ಲೆಂಡಿನ ವಿಚೈ ಶ್ರೀವದ್ಧನಪ್ರಭ. ವಿಮಾನ ನಿಲ್ದಾಣಗಳಲ್ಲಿ ಸುಂಕವಿಲ್ಲದ ಅಂಗಡಿ ನಡೆಸುವ ಕಿಂಗ್ ಪವರ್ ಕಂಪನಿಯವರು. ಕ್ಲಬ್ಬಿನ ಸಾಲವನ್ನು ಷೇರಾಗಿ ಬದಲಿಸಿದರು. ಆಸ್ಪತ್ರೆಗೆ ದೊಡ್ಡ ದೇಣಿಗೆ ಕೊಟ್ಟರು. ಬ್ಯಾಂಕಾಕಿನಿಂದ ಬೌದ್ಧ ಭಿಕ್ಷುಗಳನ್ನು ಕರೆಸಿ ಆಟಗಾರರಿಗೆ ತೀರ್ಥ ಚಿಮುಕಿಸಿ ಹರಸಿದರು. ಮೈದಾನಕ್ಕೆ ಬಂದು ಜನರ ನಡುವೆ ಓಡಾಡಿದರು. 2015-16ರ ಋತುವಿನ ಆರಂಭದಲ್ಲಿ ಲೆಸ್ಟರ್ ಗೆಲ್ಲುತ್ತದೆ ಎಂದು ಪಣ ಕಟ್ಟಿದವನಿಗೆ ಒಂದಕ್ಕೆ 5000 ಕೊಡುತ್ತೇವೆ ಎಂದು ಬಾಜಿ ಅಂಗಡಿಯವರು ಬರೆದಿದ್ದರು. ಆ ವರ್ಷ ಲೆಸ್ಟರ್ ಚಾಂಪಿಯನ್ ಆಯಿತು.

2018ರ ಅಕ್ಟೋಬರ್ 27ರ ರಾತ್ರಿ, ಪಂದ್ಯ ಮುಗಿದು ಎಂದಿನಂತೆ ಮೈದಾನದ ನಡುವಿನಿಂದ ಮೇಲೇರಿದ ಅವರ ಹೆಲಿಕಾಪ್ಟರು ಪಕ್ಕದಲ್ಲೇ ಬಿದ್ದು ಉರಿಯಿತು. ವಿಚೈ ಸೇರಿ ಐವರು ಸತ್ತರು. ಬೆಳಗಾಗುವಷ್ಟರಲ್ಲಿ ಮೈದಾನದ ಗೋಡೆ ಬುಡದಲ್ಲಿ ಹೂವು, ನೀಲಿ ಶಾಲು, ಅಂಗಿಗಳ ರಾಶಿ. ಗುಜರಾತಿಗಳು ಬಹಳ ಇರುವ ಊರು ಅದು. ಆ ರಾಶಿಯ ನಡುವೆ ಒಬ್ಬ ಅಭಿಮಾನಿ ತಂದಿಟ್ಟ ಗಣೇಶನ ಪಟವೂ ಇತ್ತು. ಥಾಯ್ ಬೌದ್ಧನೊಬ್ಬನಿಗಾಗಿ ಇಂಗ್ಲೆಂಡಿನ ಊರೊಂದು ಅತ್ತದ್ದನ್ನು ಟಿವಿಯಲ್ಲಿ ನೋಡುತ್ತ, ನಾನೂ ಅತ್ತಿದ್ದೇನೆ. ಆಮೇಲೆ ತಂಡ 2023ರಲ್ಲಿ, ಮತ್ತೆ 2025ರಲ್ಲಿ ಕೆಳಗಿಳಿಯಿತು. ವಿಚೈ ಹೆಸರಿನ ಮೇಲಿನ ಪ್ರೀತಿ ಇಳಿಯಲಿಲ್ಲ.

ಇದ್ದಲ್ಲೇ ಇದ್ದವರೂ ಕಿವಿ ಕೊಡದೆ ಎಡವಿದ್ದುಂಟು. ಅಸೆಮ್ ಅಲಂ ಈಜಿಪ್ಟಿನಿಂದ ಬಂದು ಹಲ್ ಊರಿನಲ್ಲಿ ದಶಕಗಟ್ಟಲೆ ಬಾಳಿದವರು. 2010ರಲ್ಲಿ ಮುಳುಗುತ್ತಿದ್ದ ಹಲ್ ಸಿಟಿಯನ್ನು ಎತ್ತಿ ಹಿಡಿದರು, ಊರು ಅವರನ್ನು ಕೊಂಡಾಡಿತು. ಮುಂದೆ ಕ್ಲಬ್ಬಿನ ಹೆಸರನ್ನು ‘ಹಲ್ ಟೈಗರ್ಸ್’ ಎಂದು ಬದಲಿಸಲು ಹೊರಟರು. ನೂರು ವರ್ಷದ ಹೆಸರಿಗೆ ಕೈ ಹಾಕಿದ ದಿನ ಆ ಪ್ರೀತಿ ಒಡೆಯಿತು. ಇಂಗ್ಲಿಷ್ ಲೀಗಿನಲ್ಲೇ ಆಡುವ ವೇಲ್ಸ್ ಸೀಮೆಯ ಕಾರ್ಡಿಫ್ ತಂಡವನ್ನು ಜನ ಕರೆಯುವುದೇ ನೀಲಿ ಹಕ್ಕಿಗಳು ಎಂದು. ಮಲೇಷ್ಯಾದ ವಿನ್ಸೆಂಟ್ ಟಾನ್ 2012ರಲ್ಲಿ ಅವರಿಗೆ ಕೆಂಪು ಅಂಗಿ ತೊಡಿಸಿದರು. ತಂಡ ಮರುವರ್ಷ ಪ್ರೀಮಿಯರ್ ಲೀಗಿಗೆ ಏರಿದರೂ ಜನ ಒಪ್ಪಲಿಲ್ಲ. 2015ರಲ್ಲಿ ನೀಲಿ ಹಿಂದಿರುಗಿತು.

ನಮ್ಮ ಊರುಗಳಲ್ಲಿ ತೇರು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಾಹುಕಾರನೊಬ್ಬ ಲಕ್ಷಗಟ್ಟಲೆ ಕೊಟ್ಟು ತೇರು ಕಟ್ಟಿಸುತ್ತಾನೆ. ಅವನ ಹೆಸರು ಕಲ್ಲಿನಲ್ಲಿ ಕೆತ್ತುತ್ತಾರೆ, ಮೊದಲ ಪ್ರಸಾದ ಅವನಿಗೆ. ಆದರೆ ಹಗ್ಗ ಹಿಡಿದು ಎಳೆಯುವವರು ಊರಿನವರು. ಅವರು ಕೈಬಿಟ್ಟರೆ ಎಂಥ ತೇರೂ ನಿಂತಲ್ಲೇ ನಿಲ್ಲುತ್ತದೆ. ತೇರು ಯಾವ ಬೀದಿಯಲ್ಲಿ ಹೋಗಬೇಕು, ಬಾವುಟದ ಬಣ್ಣ ಏನು ಎಂಬುದನ್ನು ಕಟ್ಟಿಸಿದವನು ಊರನ್ನು ಕೇಳದೆ ಬದಲಿಸಲಾರ.

ಹಗ್ಗ ಹಿಡಿದವರ ಶಕ್ತಿ ಕಾಣಬೇಕಾದರೆ ಪೋರ್ಟ್ಸ್‌ಮತ್ ಬಂದರಿಗೆ ಹೋಗಬೇಕು. 2008ರಲ್ಲಿ ಎಫ್‌ಎ ಕಪ್ ಗೆದ್ದ ತಂಡ. ಆದಾಯಕ್ಕೆ ಮೀರಿ ಖರ್ಚು ಮಾಡಿ ಗೆದ್ದಿತ್ತು. 2009-10ರ ಒಂದೇ ಋತುವಿನಲ್ಲಿ ಕ್ಲಬ್ಬು ಕೈಯಿಂದ ಕೈಗೆ ಹೋಗಿ ನಾಲ್ವರು ಯಜಮಾನರನ್ನು ಕಂಡಿತು, ಎಲ್ಲರೂ ಹೊರದೇಶದ ಹಣದವರು. 2010ರ ಫೆಬ್ರವರಿಯಲ್ಲಿ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಯ ಕೈಗೆ ಹೋದ ಮೊದಲ ಪ್ರೀಮಿಯರ್ ಲೀಗ್ ತಂಡವಾಯಿತು. ಕ್ಲಬ್ಬಿನಿಂದ ಬಾಕಿ ಬರಬೇಕಿದ್ದವರ ಪಟ್ಟಿಯಲ್ಲಿ ಬ್ಯಾಂಕು, ತೆರಿಗೆ ಇಲಾಖೆ ಇದ್ದವು. ಜೊತೆಗೆ, ಗ್ಯಾಲರಿಯಲ್ಲಿ ಯಾರಾದರೂ ಕುಸಿದು ಬಿದ್ದರೆ ಓಡಿಬಂದು ಆರೈಕೆ ಮಾಡುವ ಸೇಂಟ್ ಜಾನ್ ಆಂಬುಲೆನ್ಸ್ ಸ್ವಯಂಸೇವಕರ ಸಂಸ್ಥೆಯೂ ಇತ್ತು. ಆಟಗಾರರ ಬಾಕಿ ಪೂರ್ತಿ ಕೊಡಬೇಕು, ಮಿಕ್ಕವರಿಗೆ ಉಳಿದದ್ದರಲ್ಲಿ ಹಂಚಬೇಕು ಎಂಬುದು ಲೀಗಿನ ನಿಯಮ. ಆ ಪಟ್ಟಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಬ್ಬ ಹೊರಗಿನ ಯಜಮಾನನೂ ಮುಳುಗಿದ ಮೇಲೆ, ಊರಿನವರು ತಾವೇ ಎದ್ದರು. ಒಂದು ಪಾಲು 1000 ಪೌಂಡ್. ಬಂದರಿನ ಕೆಲಸಗಾರರು, ನಿವೃತ್ತರು, ಮೇಷ್ಟ್ರುಗಳು, ಒಬ್ಬರ ಕೈಲಾಗದಿದ್ದರೆ ಗೆಳೆಯರು ಸೇರಿ ಒಂದು ಪಾಲು ಕೊಂಡರು. ಹಾಗೆ ಎರಡು ಸಾವಿರಕ್ಕೂ ಹೆಚ್ಚು ಜನ. 2013ರ ಏಪ್ರಿಲ್‌ನಲ್ಲಿ ಕ್ಲಬ್ಬು ಊರಿನ ಕೈಗೆ ಬಂತು. ಆಗ ತಂಡ ನಾಲ್ಕನೆಯ ದರ್ಜೆಗೆ ಬಿದ್ದಿತ್ತು. ಸಾಲ ತೀರಿಸಿದರು, 2017ರಲ್ಲಿ ಆ ದರ್ಜೆಯನ್ನು ಗೆದ್ದರು. ಅದೇ ವರ್ಷ ಆ ಪಾಲುದಾರರು ಮತ ಹಾಕಿ, ತಮ್ಮ ಕ್ಲಬ್ಬನ್ನು ಡಿಸ್ನಿ ಕಂಪನಿಯ ಮುಖ್ಯಸ್ಥರಾಗಿದ್ದ ಅಮೆರಿಕದ ಮೈಕೆಲ್ ಐಸ್ನರ್ ಅವರಿಗೆ ಮಾರಿದರು. ಹೊರದೇಶದವರ ಕೈಯಲ್ಲಿ ಅಷ್ಟು ಪೆಟ್ಟು ತಿಂದ ಊರು ಮತ್ತೆ ಹೊರದೇಶದವನನ್ನೇ ಆರಿಸಿತು. ಈ ಸಲ ಬಂದವನು ಸಭೆಗೆ ಬಂದು, ಅವರ ಪ್ರಶ್ನೆಗಳಿಗೆ ಎದುರು ನಿಂತು ಉತ್ತರ ಕೊಟ್ಟು, ಅವರ ಒಪ್ಪಿಗೆಯ ಮೇಲೆ ಒಳಗೆ ಬಂದ. 2024ರಲ್ಲಿ ತಂಡ ಚಾಂಪಿಯನ್‌ಶಿಪ್‌ಗೆ ಏರಿತು.

ಕಾನೂನೂ ಈಗ ಈ ದಾರಿಗೆ ಬಂದಿದೆ. 2025ರ ಜುಲೈಯಲ್ಲಿ ಬ್ರಿಟನ್ನಿನ ಸಂಸತ್ತು ಫುಟ್‌ಬಾಲ್ ಆಡಳಿತ ಕಾಯಿದೆ ಮಾಡಿ, ಸ್ವತಂತ್ರ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸಿತು. ಕೊಳ್ಳುವವನ ಹಣದ ಮೂಲ ಪರೀಕ್ಷಿಸಬೇಕು, ಅಭಿಮಾನಿಗಳನ್ನು ಕೇಳದೆ ಅಂಗಿಯ ಬಣ್ಣ, ಲಾಂಛನ ಬದಲಿಸುವಂತಿಲ್ಲ, ಮೈದಾನವನ್ನು ಮನಸ್ಸಿಗೆ ಬಂದಂತೆ ಮಾರುವಂತಿಲ್ಲ. ಕಾರ್ಡಿಫ್, ಹಲ್ ಜನರ ಕೂಗಿಗೆ ಕಾಯಿದೆಯಲ್ಲಿ ಜಾಗ ಸಿಕ್ಕಿತು.

ಕಾಯಿದೆ ಬಂದ ಮೂರೇ ತಿಂಗಳಿಗೆ, ಅಕ್ಟೋಬರಿನಲ್ಲಿ, 1867ರಷ್ಟು ಹಳೆಯದಾದ ಶೆಫೀಲ್ಡ್ ವೆಡ್ನೆಸ್‌ಡೇ ಕ್ಲಬ್ಬು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಹತ್ತು ವರ್ಷದಿಂದ ಯಜಮಾನರಾಗಿದ್ದವರು ಥಾಯ್‌ಲೆಂಡಿನ ಡೆಜ್‌ಫೊನ್ ಚಾನ್ಸಿರಿ. ಆಟಗಾರರ, ಸಿಬ್ಬಂದಿಯ ಸಂಬಳ ಮತ್ತೆ ಮತ್ತೆ ತಡವಾಗಿತ್ತು. ಬಹಳ ಜನ ಪಂದ್ಯಕ್ಕೆ ಬರುವುದನ್ನೇ ನಿಲ್ಲಿಸಿದ್ದರು. ಆ ಸುದ್ದಿಯ ಜೊತೆಗೆ ತಂಡಕ್ಕೆ 12 ಅಂಕಗಳ ದಂಡವೂ ಬಿತ್ತು. ಇದ್ದದ್ದೂ ಹೋಗಿ ಸೊನ್ನೆಗಿಂತ ಕೆಳಕ್ಕೆ. ಯಾರಾದರೂ ಎದೆಗುಂದುವ ದಿನ ಅದು. ಆ ದಿನವೇ ಕ್ಲಬ್ಬಿನ ಅಂಗಡಿಯ ಮುಂದೆ ಸರತಿಯ ಸಾಲು ಬೆಳೆಯಿತು. ತಿಂಗಳುಗಟ್ಟಲೆ ಒಂದು ಪೆನ್ನಿಯನ್ನೂ ಬಿಚ್ಚದೆ ಹಟ ಹಿಡಿದಿದ್ದವರು ಶಾಲು, ಅಂಗಿ, ಟಿಕೆಟ್ಟು ಎಂದು ಕೈತುಂಬ ಕೊಂಡರು. ಅವರ ಪ್ರೀತಿ ಎಲ್ಲೂ ಹೋಗಿರಲಿಲ್ಲ. ಕೇಳುವ ಕಿವಿ ಬರುವವರೆಗೆ ಬಾಯಿ ಕಟ್ಟಿ ಕೂತಿತ್ತು.

ಅವತ್ತು ರಾತ್ರಿ ಇದರಲ್ಲಿ ಕಾಲುಭಾಗವನ್ನಷ್ಟೇ ಮಾವನಿಗೆ ಹೇಳಿದ್ದೆ. ಬ್ಲ್ಯಾಕ್‌ಬರ್ನ್ ಕಥೆಯನ್ನು ಅವರು ಪೂರ್ತಿ ಕೇಳಿದರು. ಬಾವುಟ ಹೊದ್ದ ಕೋಳಿಯ ಹತ್ತಿರ ಬಂದಾಗ ಅವರೂ ನಗಲಿಲ್ಲ.

“ಅಷ್ಟು ದುಡ್ಡು ಹಾಕಿದ್ದಾರೆ ಅಂತೀಯ. ಅವರಲ್ಲಿ ಒಬ್ಬರು ಅಲ್ಲೇ ಒಂದು ವರ್ಷ ಮನೆ ಮಾಡಿ ಇದ್ದಿದ್ರೆ ಸಾಕಿತ್ತು,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಈಗಲೂ ಹೋಗಬಹುದು ಬಿಡು. ಜನ ಪೂರ್ತಿ ಬಿಟ್ಟುಹೋಗಿಲ್ಲವಲ್ಲ, ಅರ್ಧ ಕುರ್ಚೀಲಿ ಇನ್ನೂ ಕೂತಿದ್ದಾರೆ.”

ಪಂದ್ಯ ಮುಗಿಯುವ ಹೊತ್ತಿಗೆ ಮೂರು ಗಂಟೆ. ಕೊನೆಯ ಸೀಟಿ ಊದಿದ ಮೇಲೂ ಆ ಅರ್ಧ ಗ್ಯಾಲರಿಯ ಒಂದು ಮೂಲೆಯಲ್ಲಿ ಜನ ಎದ್ದು ನಿಂತು ಹಾಡುತ್ತಿದ್ದರು. ನಾನು ಮೊಬೈಲು ಆರಿಸಿದೆ. ಚಳಿ ಜಾಸ್ತಿಯಾಗಿತ್ತು. ಮಾವ ಕಂಬಳಿ ಕೊಡವಿ ಎದ್ದು, ಶೆಡ್ಡಿನ ಬಾಗಿಲಿಗೆ ಹೋಗಿ, ಚಿಲಕದ ಮೇಲೆ ಕೈಯಿಟ್ಟು ನಿಂತರು. ನಾನೂ ಹಿಂದೆ ಹೋಗಿ ಉಸಿರು ಬಿಗಿಹಿಡಿದೆ. ಒಳಗಿನಿಂದ ಸಣ್ಣಗೆ, ಒಂದೇ ಸಮನೆ, ಸಾವಿರ ಮರಿಗಳ ಮಾತು ಕೇಳುತ್ತಿತ್ತು.

“ಚೆನ್ನಾಗಿದ್ದಾವೆ,” ಎಂದರು ಮಾವ.